ಕೋಲಿಗೊಂದು ಡಿಕ್ಕಿ

ನಮ್ಮ ಕಡೆ ಕುಂಟುವವನೊಬ್ಬ ಮನೆಗೆ ಬಂದರೆ ಅವನಿಗೆ ಮಾಡುವ ಮೊದಲ ಮರ್ಯಾದೆ ಅವನ ಕೋಲು ಇಸಿದುಕೊಳ್ಳುವುದು. "ಕೊಡ್ರಿ ಇಲ್ಲಿ" ಎಂದು ಕೈಯಿಂದ ತೆಗೆದು, ಅವನನ್ನು ಕುರ್ಚಿಯಲ್ಲಿ ಕೂಡಿಸಿ, ಕೋಲನ್ನು ಆಚೆ ಮೂಲೆಯಲ್ಲಿ ಛತ್ರಿಯ ಪಕ್ಕ ಜೋಪಾನವಾಗಿ ಒರಗಿಸುತ್ತಾರೆ. ಆಮೇಲೆ ಅವನು ಏಳಬೇಕೆಂದರೆ ಯಾರನ್ನಾದರೂ ಕೇಳಬೇಕು. ಇದು ಮರ್ಯಾದೆಯೋ ಬಂಧನವೋ ಎಂಬುದರ ಮೇಲೆ ಪರ ವಿರೋಧ ಎರಡೂ ಕಡೆ ನಿಂತು ನಾನು ಮಾತಾಡಬಲ್ಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೇ ಅದು. ಎರಡು ಊರುಗೋಲಿನ ಮೇಲೆ ನಡೆಯುವ ಅಪ್ಪನ ಜೊತೆ ಒಂದೇ ಮನೆಯಲ್ಲಿದ್ದೂ ಈ ವಿಷಯ ನನ್ನ ಮುಂದೆ ಬಂದದ್ದು ಮಾತ್ರ ಒಂದು ವಿಮಾನದ ದೆಸೆಯಿಂದ.

ಅಪ್ಪನದು ಹರಪನಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಬೈಕಿನಿಂದ ಬಿದ್ದು ಸೊಂಟದ ಕೀಲು ಮುರಿದ ಮೇಲೆ ಕೋಲು ಬಂದವು. ಪಾದ ತುಳಿಯುತ್ತದೆ, ತೋಳು ಗಟ್ಟಿ ಇವೆ, ಆದರೆ ಸೊಂಟ ತಿರುಗುವುದಿಲ್ಲ, ಕೋಲಿಲ್ಲದೆ ಹೆಜ್ಜೆ ಏಳುವುದಿಲ್ಲ. ಬೀಳುವ ಮೊದಲೇ ಅವನು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಇಬ್ಬರು ಕೂಡುವ ಸಣ್ಣ ವಿಮಾನವೊಂದನ್ನು ಕಟ್ಟಲು ಹಿಡಿದಿದ್ದ. ನಕ್ಷೆ ತರಿಸಿ, ಉಕ್ಕಿನ ಕೊಳವೆ ಬೆಸೆದು, ಮೇಲೆ ಬಟ್ಟೆ ಬಿಗಿದು, ಬಣ್ಣ ಹೊಡೆದ ವಿಮಾನ. ಹಾರಲು ಪರವಾನಗಿ ಇನ್ನೂ ಬಂದಿಲ್ಲ. ನೆಲದ ಮೇಲೆ ಓಡಿಸಿ ನೋಡುವುದಷ್ಟೇ. ಓಣಿಯವರು ಅದನ್ನು ರೆಕ್ಕಿ ಇರೋ ಟ್ರ್ಯಾಕ್ಟರ್ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಅವ್ವ ತೀರಿಹೋದಳು. ಜ್ವರವೆಂದು ಆಸ್ಪತ್ರೆಗೆ ಸೇರಿದಳು, ವಾಪಸ್ ಬರಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ಆಗ ನನ್ನ ಹತ್ತಿರ ಏನೂ ಇರಲಿಲ್ಲ, ಈಗಲೂ ಇಲ್ಲ. ಅತ್ತು ಹಗುರಾಗು ಎಂದು ಕೂಡ್ಲಿಗಿಯಿಂದ ಬಂದಿದ್ದ ದೊಡ್ಡಮ್ಮ ಹೇಳಿದಳು. ಅತ್ತರೆ ಹಗುರಾಗುತ್ತದೆ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ ತಾನೇ ಅತ್ತಳು. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ತುಟಿ ಹೇಗಿರುತ್ತದೋ ನನ್ನ ಇಡೀ ಮೈ ಹಾಗಿತ್ತು. ಅಲ್ಲಿದೆ ಎಂದು ಗೊತ್ತು, ನನ್ನದು ಅನ್ನಿಸದು.

ಅವ್ವ ಇದ್ದಾಗ ಅಪ್ಪನ ಕೋಲು ಯಾವಾಗಲೂ ಅವನ ಕೈಯಳತೆಯಲ್ಲೇ ಇರುತ್ತಿದ್ದವು. ಬಂದವರು ಮೂಲೆಗಿಟ್ಟರೆ ಅವಳು ನೀರು ಕೊಡುವ ನೆವದಲ್ಲಿ ಬಂದು, ಅವನ್ನು ತಂದು ಕುರ್ಚಿಗೆ ಒರಗಿಸಿ, ಏನೂ ಆಗದವಳಂತೆ ಒಳಗೆ ಹೋಗುತ್ತಿದ್ದಳು. ಅವಳು ತೀರಿಹೋದ ಮೇಲೆ ಕೋಲು ಮೂಲೆಯಲ್ಲೇ ಉಳಿಯತೊಡಗಿದವು.

ಮಳೆ ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ ಅಪ್ಪ ವಿಮಾನದ ಎಡಪಕ್ಕೆಯ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಬರೆದ. ಇಲ್ಲಿ ಬಸ್ಸಿನ ಡಿಕ್ಕಿಯ ಹಾಗೆ ಒಂದು ಬಾಗಿಲು ಕೊಯ್ಯಬೇಕು ಅಂದ. ಸಾಮಾನಿನ ಜಾಗ ಇದ್ದದ್ದು ಸೀಟಿನ ಬೆನ್ನ ಹಿಂದೆ. ಸೀಟು ಮಡಚಿ, ಒಳಗಿನಿಂದ ಮೈ ತಿರುಗಿಸಿ ಕೈ ಹಾಕಬೇಕು. ಅಪ್ಪನ ಸೊಂಟಕ್ಕೆ ಅದು ಆಗದ ಮಾತು. ಹೊರಗಡೆಗೆ ಬಾಗಿಲಿದ್ದರೆ ಕಾಲು ಹೊರಗೆ ಇಳಿಬಿಟ್ಟು ಕೂತು, ಎಡಗೈ ಚಾಚಿ, ಕೋಲನ್ನು ತಾನೇ ಎಳೆದುಕೊಂಡು ಇಳಿಯಬಹುದು.

ನಾನು ವಾದಕ್ಕಿಳಿದೆ. ಬೇರೆ ಏನೂ ಬರದಿದ್ದಾಗಲೂ ವಾದ ಬರುತ್ತಿತ್ತು. ಹಾರದ ವಿಮಾನಕ್ಕೆ ಡಿಕ್ಕಿ ಯಾಕೆ ಎಂದೆ. ಹಾರುವವರೆಗೆ ಇಳಿಯುವುದನ್ನಾದರೂ ಕಲಿಯೋಣ ಎಂದ. ಕೊಯ್ದ ಜಾಗ ದುರ್ಬಲವಾಗುತ್ತದೆ ಎಂದೆ. ಕೊಯ್ಯುವುದು ಕೊಳವೆಗಳ ನಡುವಿನ ಬಟ್ಟೆ, ಕೊಳವೆ ಮುಟ್ಟುವುದಿಲ್ಲ ಎಂದ. ಬಾಗಿಲಿನ ಭಾರಕ್ಕೆ ಬಾಲ ತಗ್ಗೀತು ಎಂದೆ. ಮೆಕ್ಕೆಜೋಳದ ಅಂಗಡಿಯಿಂದ ತೂಕದ ಯಂತ್ರ ತಂದು ಚಕ್ರದಡಿ ಇಟ್ಟು ತೂಗಿದರಾಯಿತು ಎಂದ. ಹಾಗಾದರೆ ಕೋಲನ್ನು ಪಕ್ಕದ ಸೀಟಿನಲ್ಲೇ ಇಡು ಎಂದೆ. ಅಲ್ಲಿ ಇನ್ನೊಂದು ಜೊತೆ ಪೆಡಲು ಇವೆ, ಕೋಲು ಜಾರಿ ಸಿಕ್ಕಿಕೊಂಡರೆ ಇಬ್ಬರೂ ಹೋದೆವು ಎಂದ. ಕೊನೆಗೆ ನನ್ನ ಗಟ್ಟಿ ಮಾತು ತೆಗೆದೆ.

"ಅಪ್ಪಾ, ನೀ ಎಲ್ಲಿ ಇಳಿದ್ರೂ ಅಲ್ಲಿ ಯಾರಾದ್ರೂ ಇದ್ದ ಇರ್ತಾರ. ಕೋಲು ತಗದು ಕೊಡ್ತಾರ."

"ಅದಕ್ಕ ಬೇಕವ್ವಾ ಡಿಕ್ಕಿ," ಅಂದ.

ನಮ್ಮ ವಾಕ್ಯವನ್ನೇ ಎದುರಾಳಿ ತನ್ನ ಪುರಾವೆ ಮಾಡಿಕೊಂಡರೆ ವಿಷಯ ಬದಲಿಸಬೇಕು ಎಂದು ಕಲಿಸಿದ್ದರು. ಚಿಲಕದ ವಿಷಯಕ್ಕೆ ಬಂದೆ. ಒಂದೇ ಚಿಲಕ ಗಾಳಿಗೆ ಬಿಚ್ಚಿಕೊಂಡರೆ ಕೋಲು ಹಾರಿ ಬಾಲಕ್ಕೆ ಬಡಿಯುತ್ತದೆ, ಎರಡು ಹಾಕಿಸು ಎಂದೆ. ಅಪ್ಪ ಚೌಕದ ಮೇಲಿನ ಎರಡೂ ಮೂಲೆಗೆ ಸೀಮೆಸುಣ್ಣದ ಗುರುತು ಹಾಕಿ ಒಪ್ಪಿದ. ಆ ದಿನ ನಾನು ಗೆದ್ದದ್ದು ಅದೊಂದು.

ಬಾಗಿಲು ಮಾಡಲು ಕೊಟ್ಟೂರಿನಿಂದ ಒಬ್ಬ ಬಂದ. ತಗಡಿನ ಟ್ರಂಕು ಮಾಡುವವನು, ಬಸ್ಸಿನ ಬಾಗಿಲುಗಳನ್ನೂ ರಿಪೇರಿ ಮಾಡುವವನು. ವಿಮಾನವನ್ನು ಒಂದು ಸುತ್ತು ಹಾಕಿ, "ಅಣ್ಣಾ, ಇದು ಮ್ಯಾಲೆ ಹೋದಾಗ ಬಾಗಲ ಕಳಚಿ ಬಿತ್ತಂದ್ರ ಕೊಟ್ಟೂರಾಗ ನನ್ನ ಹೆಸರು ಹೇಳಬ್ಯಾಡ," ಅಂದ. ಬಾಗಿಲು ಕೆಳಕ್ಕೆ ತೆರೆದುಕೊಳ್ಳುವಂತೆ ಬಿಜಾಗರಿಯನ್ನು ಅಡಿಯಲ್ಲಿಟ್ಟ, ಮೇಲಿನ ಮೂಲೆಗಳಿಗೆ ಎರಡು ಚಿಲಕ. ಅವನು ಬಟ್ಟೆ ಕೊಯ್ಯುವಾಗ ನಾನು ಎರಡೂ ಕಡೆ ಬಿಗಿಹಿಡಿದೆ. ಬಣ್ಣದ ವಾಸನೆ ಕಣ್ಣಿಗೆ ಹತ್ತಿ ನೀರು ಬಂತು. ಅಪ್ಪ ಒಮ್ಮೆ ನನ್ನ ಕಡೆ ನೋಡಿದ. ಬಣ್ಣದ್ದು ಎಂದೆ. ಕೆಲಸ ನಡೆದಷ್ಟು ದಿನವೂ ಆ ಮನುಷ್ಯ ಅಪ್ಪನ ಕೋಲನ್ನು ಕಾಲಿಗೆ ಅಡ್ಡ ಬರಬಾರದೆಂದು ಗೋಡೆ ಹತ್ತಿರ ಒಯ್ದು ಇಡುತ್ತಿದ್ದ. ಬಹಳ ಒಳ್ಳೆಯವನು.

ಪರೀಕ್ಷೆ ನಡೆದದ್ದು ಊರ ಹೊರಗೆ, ಜೋಳ ಮುರಿದು ದಂಟು ಕಿತ್ತು ಸಮಮಾಡಿದ ಒಂದು ಹೊಲದಲ್ಲಿ. ಅಪ್ಪ ಆ ತುದಿಯವರೆಗೆ ಓಡಿಸಿಕೊಂಡು ಹೋಗಬೇಕು, ಎಂಜಿನ್ ನಿಲ್ಲಿಸಬೇಕು, ಯಾರ ಕೈಯೂ ಸೋಕದಂತೆ ಇಳಿಯಬೇಕು. ರೆಕ್ಕೆಗೆ ಆಧಾರವಾದ ಕೊಳವೆ ಹಿಡಿದು ನಿಂತು, ಕೋಲನ್ನು ತಾನೇ ಡಿಕ್ಕಿಯೊಳಗೆ ತಳ್ಳಿ, ಚಿಲಕ ಹಾಕಿ, ಹತ್ತಿ ಹೋದ. ನಾನೂ ಟ್ರಂಕಿನವನೂ ಈ ತುದಿಯಲ್ಲಿ ನಿಂತೆವು.

ವಿಮಾನ ಆಚೆ ನಿಂತಿತು. ಅಪ್ಪನ ಕಾಲು ಹೊರಗೆ ಬಂದವು. ಅಷ್ಟರಲ್ಲಿ ಬದುವಿನ ಜಾಲಿ ಮರದ ಕೆಳಗಿಂದ ಕುರಿ ಕಾಯುವವನೊಬ್ಬ ಎದ್ದು ಓಡಿಬಂದ. ಕುರಿ ಬೆದರಿದ್ದಕ್ಕೆ ಜಗಳಕ್ಕೆ ಬಂದನೆಂದುಕೊಂಡೆ. ಅವನು ಬಂದದ್ದು ಕರುಣೆಗೆ. ಚಿಲಕ ಎರಡನ್ನೂ ತಿರುವಿ, ಕೋಲು ತೆಗೆದು, ಎರಡೂ ಕೈಯಿಂದ ಅಪ್ಪನ ಮುಂದೆ ಹಿಡಿದ. ಸ್ವಲ್ಪ ಹೊತ್ತಾದ ಮೇಲೆ ಅವನ್ನು ವಾಪಸ್ ಒಳಗಿಟ್ಟ.

"ಕೊಟ್ಟಿದ್ದನ್ನ ಮತ್ತ ಯಾಕ ಇಡಾಕತ್ಯಾನ?" ಅಂದ ಟ್ರಂಕಿನವನು.

ಅಲ್ಲಿ ಆದ ಮಾತನ್ನು ಅಪ್ಪ ಆಮೇಲೆ ಹೇಳಿದ. ಅಲ್ಲೇ ಇಟ್ಟು ಬಾಗಿಲು ಹಾಕಪ್ಪಾ ಅಂದನಂತೆ. "ತಪ್ಪಾತೇನ್ರಿ ಯಜಮಾನ್ರ?" ಎಂದು ಅವನು ಕೇಳಿದನಂತೆ. ತಪ್ಪಲ್ಲ, ಸುಮ್ಮನೆ ನೋಡುತ್ತಾ ನಿಂತಿರು ಎಂದನಂತೆ. ಅವನು ಎದೆಗೆ ಕೈ ಕಟ್ಟಿ ನಿಂತದ್ದು ನಮಗೂ ಕಾಣುತ್ತಿತ್ತು. ಅಪ್ಪ ಎಡಗೈ ಚಾಚಿ ತಿರುವಿದಾಗ ಮೊದಲ ಚಿಲಕ ಬಂತು, ಎರಡನೆಯದು ಬರಲಿಲ್ಲ. ಅಷ್ಟರಲ್ಲಿ ಕುರಿಗಳು ರಸ್ತೆಯ ಕಡೆ ಹೊರಟವು, ಅವನು ಓಡಿದ. ಅಪ್ಪ ತೆರೆದ ಚಿಲಕವನ್ನು ಮತ್ತೆ ಹಾಕಿ, ಕಾಲು ಒಳಗೆಳೆದುಕೊಂಡು, ಎಂಜಿನ್ ಚಾಲೂ ಮಾಡಿ ನಮ್ಮ ಕಡೆ ಬಂದ.

ನಮ್ಮ ಮುಂದೆಯೇ ನಿಲ್ಲಿಸಿದ. ಕಾಲು ಹೊರಗೆ ಬಿಟ್ಟ. ನಮ್ಮಿಬ್ಬರನ್ನೂ ನೋಡಲಿಲ್ಲ. ಎಡಗೈ ಚಾಚಿದ. ಮೊದಲ ಚಿಲಕ ತಿರುಗಿತು. ಎರಡನೆಯದು, ನನ್ನದು, ಅಲ್ಲಾಡಲಿಲ್ಲ. ಬೆರಳು ಜಾರಿತು, ಮತ್ತೆ ಹಿಡಿದ, ಮತ್ತೆ ಜಾರಿತು. ಟ್ರಂಕಿನವನ ಕೈ ತನ್ನಷ್ಟಕ್ಕೆ ಮುಂದೆ ಹೋಯಿತು. ನಾನು ಅವನ ಮಣಿಕಟ್ಟು ಹಿಡಿದೆ. ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. ನಾನು ಬಿಡಲಿಲ್ಲ. ಯಾಕೆ ಎಂದು ಅವನಿಗೆ ವಿವರಿಸಲೂ ಇಲ್ಲ. ಆ ಮಣಿಕಟ್ಟು ಬಿಸಿಯಾಗಿತ್ತು, ಅಷ್ಟು ನನಗೆ ಗೊತ್ತಾಯಿತು.

ಬಹಳ ಹೊತ್ತು ಹಿಡಿಯಿತು. ಆಮೇಲೆ ಚಿಲಕ ತಿರುಗಿ ಬಾಗಿಲು ಕೆಳಕ್ಕೆ ಬಿತ್ತು. ಒಂದು ಕೋಲು ಬಂತು, ಅದರ ಹಿಂದೆ ಇನ್ನೊಂದು. ಅಪ್ಪ ನೆಲಕ್ಕೂರಿ ಎದ್ದು ನಿಂತ. ಬೆವರು ಗದ್ದಕ್ಕೆ ಇಳಿದಿತ್ತು.

"ಎರಡನೇ ಚಿಲಕ ಬಿಗಿ ಐತಿ," ಅಂದ.

"ತಗಿಸಿಬಿಡೋಣೇನು?"

"ಬ್ಯಾಡ. ನೀ ಹೇಳಿದ್ದು ಖರೆ ಐತಿ, ಒಂದಾದ್ರ ಬಿಚ್ಚಿಕೊಂತೈತಿ. ಎಣ್ಣಿ ಬಿಡು, ಸಾಕು."

ನಾನು ಟ್ರಂಕಿನವನ ಕೈ ಬಿಟ್ಟೆ. ಅಪ್ಪ ಆಗಲೇ ನೀರಿನ ಕೊಡ ಇಟ್ಟಿದ್ದ ಮರದ ಕಡೆ ಹೊರಟಿದ್ದ. ಎಣ್ಣೆ ಡಬ್ಬಿ ಚೀಲದಲ್ಲಿತ್ತು. ಹುಡುಕಿ ತೆಗೆದೆ.