ಬ್ರೇಕ್ ಮೇಷ್ಟ್ರು ವಾಪಸ್ ತೆಗೆದುಕೊಂಡ ಆಕ್ಷೇಪಣೆ

ನನ್ನ ಗೆಳೆಯ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಊರಿನವರಿಗೆ ಅವನು ಬ್ರೇಕ್ ಮೇಷ್ಟ್ರು. ಡ್ರೈವಿಂಗ್ ಕಲಿಸುವ ಅವನ ಹಳೆಯ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು. ಅದರ ಮೇಲೆ ಸದಾ ಅವನ ಬಲಗಾಲು. ಅವನು ಕೂಗಾಡುವವನಲ್ಲ. ಕಲಿಯುವವರು ಗಾಬರಿಯಾಗಿ ತಪ್ಪು ಪೆಡಲ್ ತುಳಿದರೆ ಸದ್ದಿಲ್ಲದೆ ಗಾಡಿ ನಿಲ್ಲಿಸಿ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದ. ಅವರು ಸುಧಾರಿಸಿಕೊಂಡ ಮೇಲೆ, "ಹೂಂ, ಈಗ ನಿಧಾನಕ್ಕೆ ಕ್ಲಚ್ ಬಿಡಿ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಎನ್ನುತ್ತಿದ್ದ.

ಪಾಠವೆಲ್ಲ ನಡೆಯುತ್ತಿದ್ದದ್ದು ಊರಂಚಿನ ಬಯಲಿನಲ್ಲಿ. ಹಿಂದೆ ಅಲ್ಲೊಂದು ಹೆಂಚಿನ ಕಾರ್ಖಾನೆಯಿತ್ತು. ಅದು ಮುಚ್ಚಿ, ಗೋಡೆಗಳು ಕುಸಿದು, ಗಟ್ಟಿ ನೆಲವಷ್ಟೇ ಉಳಿದಿತ್ತು. ಸವೆದ ಟೈರುಗಳನ್ನು ಸಾಲಾಗಿಟ್ಟು ಅವನು ಅಲ್ಲಿ ಓಣಿ, ತಿರುವು, ಸರ್ಕಲ್ಲು ಎಲ್ಲ ಮಾಡಿಕೊಂಡಿದ್ದ. ಯಾರಾದರೂ ರಿವರ್ಸ್ ತೆಗೆಯುವಾಗ ಗುದ್ದಿದರೆ, "ಅದು ಟೈರು, ಬೇಜಾರ್ ಮಾಡ್ಕೊಳಲ್ಲ ಬಿಡಿ" ಎಂದು ಸಮಾಧಾನ ಹೇಳುವನು. ಪುರಸಭೆಯ ಸದಸ್ಯರಲ್ಲಿ ಅರ್ಧಕ್ಕರ್ಧ ಜನ ಸ್ಟೇರಿಂಗ್ ಹಿಡಿಯಲು ಕಲಿತದ್ದು ಅಲ್ಲೇ.

ಅವನ ಮನೆ ಒಂದು ಅಂಗಡಿಯ ಮೇಲಿನ ಎರಡು ಕೋಣೆ. ಹೆಂಡತಿ ಹೋದ ಮೇಲೆ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಅವನ ಜೊತೆಗೇ ಇದ್ದರು. ಅಳಿಯನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಅವನ ನಿದ್ದೆ ಕೆಡಬಾರದೆಂದು ಮಕ್ಕಳು ಕೆಳಗಿನ ಅಂಗಡಿಯ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದವು.

ಬಯಲಿನಲ್ಲಿ ಬಡಾವಣೆ ಕಟ್ಟುವ ಯೋಜನೆ ಪುರಸಭೆಗೆ ಬಂದಾಗ ಅವನು ಆಕ್ಷೇಪಣೆ ಬರೆದ. ಬರಹ ತಿದ್ದಿಸಲು ನನ್ನ ಬಳಿ ತಂದ.

"ಮಗಳಿಗೆ ಹೇಳಿದ್ಯೇನೋ?" ಎಂದೆ.

"ಅವಳಿಗೇನು ಹೇಳೋದು? ಗಾಡಿ ಓಡಿದ್ರೆ ತಾನೇ ಮನೆ ನಡೆಯೋದು. ನೀನು ಕಾಗುಣಿತ ನೋಡು, ಸಂಸಾರ ಆಮೇಲೆ ನೋಡೋಣ."

ವಿಚಾರಣೆಯ ದಿನ ಪುರಸಭೆಯ ಸಭಾಂಗಣದಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು. ಯೋಜನೆಯ ಪರವಾಗಿರುವವರು ಮೊದಲು ಮಾತಾಡಲಿ ಎಂದರು ಅಧ್ಯಕ್ಷೆ. ಹಿಂದಿನ ಸಾಲಿನಿಂದ ಎದ್ದವಳು ಅವನ ಮಗಳು. ಔಷಧಿ ಅಂಗಡಿಯ ಕೆಲಸದಿಂದ ನೇರವಾಗಿ ಬಂದಿದ್ದಳು.

"ನಮ್ಮನೇಲಿ ಅಪ್ಪನ ಮಂಚ ಬಾಗಿಲಿಗೆ ಅಡ್ಡ ಇದೆ ಮೇಡಂ. ಬಾಗ್ಲು ಅರ್ಧಾನೇ ತೆಗ್ಯೋದು. ಈ ಪ್ಲ್ಯಾನಲ್ಲಿ ಕಾಲು ಭಾಗ ಮನೆ ಊರಲ್ಲೇ ದುಡಿಯೋರಿಗೆ ಅಂತ ಬರ್ದಿದಾರೆ. ಅದೊಂದಕ್ಕೆ ಬಂದೆ. ಅಪ್ಪ ಬೇಡ ಅಂತಾರೆ, ಗೊತ್ತು. ಅವರ ಮೇಲೆ ನಂಗೆ ಸಿಟ್ಟಿಲ್ಲ."

ನನ್ನ ಪಕ್ಕದಲ್ಲಿ ಅವನ ಬಲಗಾಲು ನೆಲವನ್ನು ಒತ್ತಿ ಹಿಡಿದದ್ದು ನನಗೆ ಕಾಣಿಸಿತು. ಅವನ ಸರದಿ ಬಂದಾಗಲೂ ಆ ಕಾಲು ಹಾಗೇ ಇತ್ತು. ಸದಸ್ಯರೊಬ್ಬರು, "ಏನ್ ಮೇಷ್ಟ್ರೇ, ನೀವು ಬ್ರೇಕ್ ಹಾಕಿದ್ರೆ ನಾವೆಲ್ಲ ನಿಲ್ಲಲೇಬೇಕಲ್ಲ" ಎಂದರು. ಸಭೆ ನಕ್ಕಿತು. ಅವನು ಎದ್ದು, "ನನ್ನ ಆಕ್ಷೇಪಣೆ ವಾಪಸ್ ತಗೋತೀನಿ. ಮನೆ ಕಟ್ಟಿ" ಎಂದಷ್ಟೇ ಹೇಳಿ ಕೂತ.

ಅಧ್ಯಕ್ಷೆಯ ಮುಖ ಅರಳಿತು. "ಹೊಸ ಬಡಾವಣೇಲಿ ರಸ್ತೆಗಳು ಒಳ್ಳೆ ಅಗಲ ಇರುತ್ತೆ ಮೇಷ್ಟ್ರೇ. ಅಲ್ಲೇ ಕಲಿಸಿ."

ಹೊರಗೆ ಬಂದ ಮೇಲೆ ಅವನನ್ನು ಬೈದೆ. ಮಾತಾಡುವುದು ಬೇಡವಾಗಿದ್ದರೆ ಸುಮ್ಮನೆ ಕೂರಬಹುದಿತ್ತು, ಬರೆದದ್ದನ್ನು ಯಾಕೆ ವಾಪಸ್ ತೆಗೆದುಕೊಳ್ಳಬೇಕಿತ್ತು ಎಂದೆ. "ಅವಳು ಕೇಳಿದ್ದು ಬಾಗ್ಲು ಪೂರ್ತಿ ತೆಗ್ಯೋ ಒಂದು ಮನೆ ಕಣೋ. ಅದಕ್ಕೆ ಎದುರಾಗಿ ನನ್ನ ಹೆಸರು ಕಾಗದದ ಮೇಲೂ ಬೇಡ" ಎಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟುವವರು ತಿದ್ದಿದ ಯೋಜನೆ ತಂದರು. ಮನೆಗಳು ದೊಡ್ಡವಾಗಿದ್ದವು, ಊರಿನಲ್ಲಿ ದುಡಿಯುವವರ ಪಾಲು ಮಾಯವಾಗಿತ್ತು. ಮತ್ತೆ ಸಭೆ ಸೇರಿತು. ಈ ಬಾರಿ ಅವನು ಮಾತಾಡಲೆಂದೇ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಕೈ ಎತ್ತಿದ.

"ತಿದ್ದುಪಡಿ ಮೇಲೆ ಮಾತಾಡೋ ಅವಕಾಶ ಆಕ್ಷೇಪಣೆ ಉಳಿಸ್ಕೊಂಡೋರಿಗೆ ಮಾತ್ರ ಮೇಷ್ಟ್ರೇ. ನಿಮ್ಮದನ್ನ ನೀವೇ ವಾಪಸ್ ತಗೊಂಡ್ರಲ್ಲ" ಎಂದರು ಅಧ್ಯಕ್ಷೆ.

"ನನ್ನ ಬಿಡಿ. ಮಗಳಾದ್ರೂ ಮಾತಾಡ್ಲಿ."

"ಅವರು ಪರವಾಗಿದ್ದವರು. ಅವರನ್ನ ಮತ್ತೆ ಕೇಳೋ ನಿಯಮ ಇಲ್ಲ."

ಆಕ್ಷೇಪಣೆ ಉಳಿಸಿಕೊಂಡವರೆಂದರೆ ಬಯಲಿನ ಎದುರಿನ ಬಂಗಲೆಯ ಗಂಡಹೆಂಡತಿ. ಅವರಿಗಿದ್ದ ತಕರಾರು ಗದ್ದಲದ್ದು. ದೊಡ್ಡ ಮನೆಯಾದರೆ ಜನ ಕಡಿಮೆ, ನಮ್ಮದೇನೂ ಅಭ್ಯಂತರವಿಲ್ಲ ಎಂದರು. ಮತಕ್ಕೆ ಹಾಕಿದಾಗ ಸದಸ್ಯರ ಕೈಗಳು ಮೇಲೆ ಹೋದವು. ಅವನು ಒಂದೊಂದೇ ಕೈಯನ್ನು ನೋಡಿದ. ಗೇರ್ ಹಾಕುವುದನ್ನು ತಾನೇ ಹಿಡಿದು ಕಲಿಸಿದ ಕೈಗಳು. ಮಗಳು ಅವನ ತೋಳು ಹಿಡಿದು, "ಬಾ ಅಪ್ಪ, ಹೋಗೋಣ" ಎಂದಳು.

ಬಡಾವಣೆ ಎದ್ದಿತು. ಅದರ ಸುತ್ತ ಕಾಂಪೌಂಡು, ಮುಂದೆ ಗೇಟು. ರಸ್ತೆಗಳು ಅಧ್ಯಕ್ಷೆ ಹೇಳಿದಂತೆ ಅಗಲವಾಗಿಯೇ ಇದ್ದವು. ಒಂದು ಬೆಳಗ್ಗೆ ಕಲಿಯುವ ಹೆಂಗಸೊಬ್ಬರನ್ನು ಕೂರಿಸಿಕೊಂಡು ಅವನು ಅಲ್ಲಿಗೆ ಹೋದ. ಕಾವಲುಗಾರ ಅಡ್ಡ ಬಂದು, "ಎಲ್ ಬೋರ್ಡ್ ಗಾಡಿ ಒಳಗೆ ಬಿಡೋ ಹಾಗಿಲ್ಲ ಸಾರ್" ಎಂದ. ಇವನು ವಾದಿಸಲಿಲ್ಲ. ರಿವರ್ಸ್ ತೆಗೆಯುವುದು ಹೇಗೆಂದು ಆ ಹೆಂಗಸಿಗೆ ಅಲ್ಲಿಯೇ ಹೇಳಿಕೊಟ್ಟು ಅವರ ಕೈಯಲ್ಲೇ ಗಾಡಿ ತಿರುಗಿಸಿದನಂತೆ. ಅದನ್ನು ನನಗೆ ನಗುತ್ತಲೇ ಹೇಳಿದ. ನಾನೂ ನಕ್ಕೆ.

ಆಮೇಲೆ ಲಾರಿಗಳು ನುಗ್ಗುವ ಹೆದ್ದಾರಿಯಲ್ಲಿ ಕೆಲಕಾಲ ಕಲಿಸಿದ. ಕಲಿಯಲು ಬರುವವರು ಹೆದರಿ ಒಬ್ಬೊಬ್ಬರಾಗಿ ಬಿಟ್ಟರು. ಕಾರನ್ನು ಕೊಳ್ಳಲು ಬಂದವನು ಎರಡನೇ ಬ್ರೇಕನ್ನು ಕೀಳಿಸಿದ ಮೇಲೆ ತೆಗೆದುಕೊಂಡು ಹೋದ. ಮೇಲ್ಮನವಿ ಹಾಕೋಣ ಎಂದು ನಾನೊಮ್ಮೆ ಅಂದದ್ದುಂಟು. "ಯಾರು ಹಾಕೋದು? ನಾನು ಒಪ್ಕೊಂಡೋನು, ಅವಳು ಕೇಳ್ಕೊಂಡೋಳು" ಎಂದ. ಒಂದು ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಒಳಕೋಣೆಯಲ್ಲಿದ್ದ ಅಳಿಯನಿಗೂ ಗೊತ್ತಾಗಲಿಲ್ಲ.

ಅಧ್ಯಕ್ಷೆ ನೋಡಲು ಬಂದಿದ್ದರು. ಬಹಳ ಹೊತ್ತು ನಿಂತಿದ್ದರು, ಅತ್ತರು ಕೂಡ. ಹೊರಡುವಾಗ ಮಗಳು ತಗ್ಗಿದ ದನಿಯಲ್ಲಿ ಕೇಳಿದಳು:

"ಅವತ್ತು ಅಪ್ಪ ವಾಪಸ್ ತಗೊಳ್ದೆ ಇದ್ದಿದ್ರೆ, ಎರಡನೇ ಸಲ ಮಾತಾಡಿದ್ದಿದ್ರೆ, ಬೇರೆ ಏನಾದ್ರೂ ಆಗ್ತಿತ್ತಾ ಮೇಡಂ?"

ಪುರಸಭೆಯ ಮಾನ ಉಳಿಸಲು ಆಕೆ ಸುಳ್ಳು ಹೇಳಬಹುದಿತ್ತು. "ಇಲ್ಲಮ್ಮ. ಸಭೆಗೆ ಮೊದಲೇ ತೀರ್ಮಾನ ಆಗಿತ್ತು" ಎಂದರು.

ಆ ಮಾತು ಅವಳಿಗೆ ನೆಮ್ಮದಿ ಕೊಟ್ಟೀತೆಂದು ನಾನು ಕಾದೆ. ತನ್ನಿಂದಲೇ ಅಪ್ಪ ಸೋತನೆಂದು ಇಷ್ಟು ದಿನ ಕೊರಗಿದವಳು. ಅವಳ ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ.

"ಮೆಟ್ಲು ಕಿರಿದು ಮೇಡಂ" ಎಂದಳು, "ನೋಡ್ಕೊಂಡು ಇಳೀರಿ."