ಬಲಗಡೆ ಬಿದ್ದ ಸೇವಂತಿಗೆ

ಸ್ಯಾನ್ ಹೊಸೆಯಲ್ಲಿ ಮಳೆ ಬಂದರೆ ಅದು ಸುದ್ದಿ. ಫೋನಿಗೆ ಎಚ್ಚರಿಕೆ ಬರುತ್ತದೆ, ಫ್ರೀವೇಯಲ್ಲಿ ಕಾರುಗಳು ತೆವಳುತ್ತವೆ. ಕಳೆದ ಶನಿವಾರ ಅಂಥ ಮಳೆಯಲ್ಲಿ ಮಗಳು ಸ್ಮಿತಾ ಸೊಪ್ಪು ತರಲೆಂದು ನನ್ನನ್ನು ವಿಯೆಟ್ನಾಮಿನವರ ಅಂಗಡಿಗೆ ಕರೆದೊಯ್ದಳು. ಬಾಗಿಲ ಬಳಿ ಬಕೆಟುಗಳಲ್ಲಿ ಹಳದಿ ಸೇವಂತಿಗೆ ಇಟ್ಟಿದ್ದರು. ನೆನೆದ ಸೇವಂತಿಗೆಯ ವಾಸನೆ ನಿಮಗೂ ಗೊತ್ತಿರಬಹುದು: ಸ್ವಲ್ಪ ಕಹಿ, ಸ್ವಲ್ಪ ಔಷಧಿ. ನಾನು ದಾರಿಗೆ ಅಡ್ಡವಾಗಿ ಅಲ್ಲೇ ನಿಂತುಬಿಟ್ಟೆ. ಹಿಂದೆ ಬಂದವರು "ಸಾರಿ" ಎಂದು ಬಳಸಿಕೊಂಡು ಹೋದರು. ಈ ಊರಿನಲ್ಲಿ ಅಡ್ಡ ನಿಂತವನ ಬಳಿಯೇ ಕ್ಷಮೆ ಕೇಳುತ್ತಾರೆ.

ಕೆಲವು ವರ್ಷಗಳ ಹಿಂದೆ, ವಿಯೆಟ್ನಾಮಿನ ಹನೋಯ್‌ನಲ್ಲಿ ನಮ್ಮ ಮೊದಲ ದಿನವೂ ಮಳೆಯೇ. ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ ಪದ್ಮಾ. ಅವಳ ಕ್ಯಾನ್ಸರಿನ ಚಿಕಿತ್ಸೆ ಇಲ್ಲಿ, ಮಗಳ ಮನೆಯಲ್ಲಿದ್ದುಕೊಂಡು, ಆಗಷ್ಟೇ ಮುಗಿದಿತ್ತು. ಅದು ಫಲಿಸಿತೇ ಎಂದು ಹೇಳಬೇಕಾದ ಸ್ಕ್ಯಾನು ಬಾಕಿಯಿತ್ತು. ನಡುವೆ ಡಾಕ್ಟರು ಸ್ವಲ್ಪ ದಿನ ಬಿಡುವು ಕೊಟ್ಟರು. ನಮ್ಮೂರು ಹಾಸನಕ್ಕೆ ಹೋಗಿಬರೋಣ ಎಂದೆ ನಾನು. ಪದ್ಮಾ ಒಪ್ಪಲಿಲ್ಲ.

"ಅಲ್ಲಿ ಎಲ್ರೂ ಮೊದಲು ನನ್ನ ತಲೆ ನೋಡ್ತಾರೆ ರೀ, ಆಮೇಲೆ ಮುಖ. ಯಾರಿಗೂ ನಾನ್ಯಾರು ಅಂತ ಗೊತ್ತಿಲ್ಲದ ಊರಿಗೆ ಕರ್ಕೊಂಡು ಹೋಗಿ."

ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುತ್ತ ಆಯುಷ್ಯ ಕಳೆದವನು ನಾನು. ಹೋಗುವ ಊರಿನ ಬಗ್ಗೆ ಓದಿಕೊಂಡೇ ಹೊರಟಿದ್ದೆ. ಆ ಬೆಳಿಗ್ಗೆ ಮ್ಯೂಸಿಯಂ, ಹಳೆಯ ಪಗೋಡ ಎಂದು ಶುರು ಮಾಡಿದ್ದೇ ತಡ, "ಮೊದಲನೇ ದಿನ ಏನೂ ನೋಡ್ಬಾರ್ದು. ಸುಮ್ನೆ ತಿರುಗ್ಬೇಕು" ಎಂದು ಅವಳು ಕೊಡೆ ಬಿಚ್ಚಿ ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ.

ಬೀದಿಯ ತುಂಬ ಸ್ಕೂಟರುಗಳು. ಮಳೆಗೆ ಅವು ನಿಲ್ಲುವುದಿಲ್ಲ, ರೇನ್‌ಕೋಟು ಹೊದ್ದುಕೊಂಡು ಹರಿಯುತ್ತವೆ. ಅಲ್ಲಿ ಎರಡು ತಲೆಯ ರೇನ್‌ಕೋಟು ಸಿಗುತ್ತದೆ, ಒಂದೇ ಹೊದಿಕೆಗೆ ಗಂಡನಿಗೊಂದು ಟೋಪಿ, ಹಿಂದೆ ಕೂತ ಹೆಂಡತಿಗೊಂದು. "ನಮ್ಮ ಮದುವೇಲಿ ಇದನ್ನ ಯಾರೂ ಉಡುಗೊರೆ ಕೊಡ್ಲಿಲ್ವಲ್ಲ!" ಎಂದು ಪದ್ಮಾ ನಕ್ಕಳು. ಬಹಳ ತಿಂಗಳ ಮೇಲೆ ಕೇಳಿದ ನಗು ಅದು.

ಒಂದು ಅಂಗಡಿಯ ಸೂರಿನಡಿ ಮುದುಕಿಯೊಬ್ಬಳು ಸೈಕಲ್ಲಿನ ಮೇಲೆ ಹಳದಿ ಸೇವಂತಿಗೆ ಹೇರಿಕೊಂಡು ನಿಂತಿದ್ದಳು. ಪದ್ಮಾ ಒಂದು ಕಟ್ಟು ಕೊಂಡು, ಅಲ್ಲೇ ಒಂದು ಹೂ ಮುರಿದು, ತಲೆಯ ಸ್ಕಾರ್ಫು ತೆಗೆದು ನನ್ನ ಕೈಗಿತ್ತಳು. ಚಿಕಿತ್ಸೆಯಲ್ಲಿ ಉದುರಿದ ಕೂದಲು ಆಗಷ್ಟೇ ಮತ್ತೆ ಬಂದಿತ್ತು, ಎರಡು ಬೆರಳಿನಷ್ಟು. ಹೂ ಮುಡಿಯಲು ಸಾಲದು. ಆದರೂ ಕಿವಿಯ ಮೇಲೆ ಸಿಕ್ಕಿಸಿಕೊಂಡಳು.

ಮುದುಕಿ ಗಾಬರಿಯಾಗಿ ಎರಡೂ ಕೈ ಆಡಿಸಿದಳು. ಊದುಬತ್ತಿ ಹಿಡಿದಂತೆ ಕೈ ಮುಗಿದು ತೋರಿಸಿದಳು, ಕಣ್ಣು ಮುಚ್ಚಿದಳು, ಆಕಾಶ ತೋರಿಸಿದಳು. ನನಗೆ ಅರ್ಥವಾಯಿತು.

"ಅದು ತೀರಿಕೊಂಡವರ ಫೋಟೋ ಮುಂದೆ ಇಡೋ ಹೂವಂತೆ ಕಣೇ. ತೆಗಿ."

"ಸತ್ತೋರಿಗೆ ಏನ್ರೀ ಅವಸರ? ಮೊದಲು ನಾನು ಮುಡ್ಕೋತೀನಿ."

ಅಷ್ಟರಲ್ಲಿ ಹೂ ಜಾರಿ ಬಿತ್ತು. ಪದ್ಮಾಳ ಮುಖ ಅರಳಿತು. "ನೋಡಿದ್ರಾ, ಬಲಗಡೆ! ಪ್ರಸಾದ ಆಯ್ತು!"

ಮನಸ್ಸಿನಲ್ಲಿ ಒಂದು ಕೋರಿಕೆ ಇಟ್ಟುಕೊಂಡು ದೇವರ ಮುಂದೆ ನಿಂತಾಗ ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಅದು ನೆರವೇರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅವಳ ಕೋರಿಕೆ ಏನೆಂದು ನಾನು ಕೇಳಬೇಕಾಗಿರಲಿಲ್ಲ. ಕೇಳಿದ್ದು ಬೇರೆ.

"ಯಾರ ಬಲ? ಎದುರಿಗೆ ನಿಂತ ನನಗೆ ಅದು ಎಡ."

"ದೇವ್ರ ಬಲ ಲೆಕ್ಕಕ್ಕೆ ಬರೋದು, ಭಕ್ತರದ್ದಲ್ಲ."

"ನೀನ್ಯಾವಾಗ ದೇವ್ರಾದೆ?"

"ಕೂದಲು ಹೋದಾಗಿಂದ. ಬಂದೋರೆಲ್ಲ ಎಷ್ಟು ಭಕ್ತಿಯಿಂದ ಮಾತಾಡಿಸ್ತಾರೆ, ನೋಡಿಲ್ವಾ?"

ಮುದುಕಿಗೆ ನಮ್ಮ ಜಗಳ ತಿಳಿಯಲಿಲ್ಲ, ಆದರೆ ಆ ಗಿಡ್ಡ ಕೂದಲು ತಿಳಿಯಿತು. ಹೂವನ್ನು ಎತ್ತಿ ಒರೆಸಿ, ತನ್ನ ತುರುಬಿನಿಂದ ಪಿನ್ನು ಕಿತ್ತು, ಪದ್ಮಾಳ ತಲೆಗೆ ಹೂವನ್ನು ತಾನೇ ಭದ್ರ ಮಾಡಿದಳು. ಆ ದಿನವೆಲ್ಲ ಪದ್ಮಾ ಕೊಡೆಯನ್ನು ಹಿಂದಕ್ಕೆ ವಾಲಿಸಿಕೊಂಡೇ ನಡೆದಳು. ನೆನೆಯುತ್ತೀ ಎಂದರೆ, "ಹೂ ಕಾಣ್ಬೇಡ್ವಾ?" ಎಂದಳು.

ಹೂವಿನ ಮಾತು ನಿಜವಾಗಲಿಲ್ಲ. ಹಿಂತಿರುಗಿದ ಮೇಲೆ ಸ್ಕ್ಯಾನು ಬೇರೆಯೇ ಹೇಳಿತು. ಮರುವರ್ಷ ಪದ್ಮಾ ತೀರಿಕೊಂಡಳು.

ಮಗಳ ಮನೆಯ ಹಾಲ್‌ನಲ್ಲಿ ಅವಳ ಫೋಟೋ ಇದೆ, ಉದ್ದ ಜಡೆಯ ಕಾಲದ್ದು. ಅದಕ್ಕೆ ಹೂವೇರಿಸಲು ನಾನು ಬಿಟ್ಟಿರಲಿಲ್ಲ. "ಅಪ್ಪ, ಅಟ್‌ಲೀಸ್ಟ್ ಹಬ್ಬಕ್ಕಾದ್ರೂ ಒಂದು ಹಾರ ಹಾಕೋಣ. ಯಾಕಿಷ್ಟು ಹಟ?" ಎಂದು ಸ್ಮಿತಾ ಕೇಳುತ್ತಲೇ ಇದ್ದಳು. ನಮ್ಮ ಡೆಸ್ಕಿನಲ್ಲಿ ಒಂದು ನಿಯಮವಿತ್ತು: ಸಾವಿನ ಸುದ್ದಿ ಎರಡು ಕಡೆಯಿಂದ ಖಚಿತವಾಗದೆ ಅಚ್ಚಿಗೆ ಹೋಗಕೂಡದು. ಆಸ್ಪತ್ರೆ ಖಚಿತಪಡಿಸಿತ್ತು. ಇನ್ನೊಂದು ಕಡೆ ನಾನು. ನಾನು ಖಚಿತಪಡಿಸಿರಲಿಲ್ಲ.

ಶನಿವಾರ ಬಕೆಟಿನಿಂದ ಒಂದು ಕಟ್ಟು ಸೇವಂತಿಗೆ ಎತ್ತಿಕೊಂಡೆ. ಸ್ಮಿತಾ ನೋಡಿ, ಸೊಪ್ಪಿನ ಬುಟ್ಟಿಯಲ್ಲಿ ಅದಕ್ಕೆ ಜಾಗ ಮಾಡಿದಳು. ಕೌಂಟರಿನ ಹೆಂಗಸು, ಯಾರಿಗೆ ಹೂ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೆಂಡತಿಗೆ ಎಂದೆ. ಅದೃಷ್ಟವಂತೆ ಎಂದು ನಕ್ಕಳು. ಬೇರೆಯವರ ತಪ್ಪು ತಿದ್ದುವುದೇ ನನ್ನ ಕಸುಬಾಗಿತ್ತು. ಇದನ್ನು ತಿದ್ದಲಿಲ್ಲ.

ಮನೆಗೆ ಬಂದು ಹಾರ ಮಾಡಲಿಲ್ಲ. ಒಂದೇ ಹೂ ಮುರಿದೆ. ಹನೋಯ್‌ನ ಮುದುಕಿಯ ಪಿನ್ನು ನನ್ನ ಕನ್ನಡಕದ ಡಬ್ಬಿಯಲ್ಲಿತ್ತು. ಅದರಿಂದ ಹೂವನ್ನು ಫೋಟೋದ ಚೌಕಟ್ಟಿಗೆ, ಅವಳ ತಲೆಯ ಮೇಲೆ ಸಿಕ್ಕಿಸಿದೆ. ಆ ಕೆಲಸ ನನಗೆ ಬಾರದು. ಅಡುಗೆಮನೆಯ ಕಡೆ ತಿರುಗುವಷ್ಟರಲ್ಲಿ ಪಿನ್ನಿನ ಸಮೇತ ಹೂ ಜಾರಿ ಬಿದ್ದ ಸದ್ದಾಯಿತು.

"ಅಪ್ಪ, ಬಿತ್ತು!" ಸೊಪ್ಪು ತೊಳೆಯುತ್ತಿದ್ದ ಸ್ಮಿತಾ ಅಮ್ಮನ ಮಗಳಾಗಿ ಕೂಗಿದಳು. "ಯಾವ ಸೈಡು?"

"ನೋಡಲಿಲ್ಲಮ್ಮ" ಎಂದೆ.

ನಿಜವಾಗಿಯೂ ನೋಡಿರಲಿಲ್ಲ. ಬಲ, ಎಡವೆಲ್ಲ ಕೋರಿಕೆ ಇದ್ದವರಿಗೆ. ಹೂವನ್ನು ಎತ್ತಿ, ಒರೆಸಿ, ಮತ್ತೆ ಮುಡಿಸಿದೆ.