ಹಪ್ಪಳದ ಹಿಟ್ಟಿನ ಅಕ್ಷರಗಳು

ಅಕ್ಕನ ಐದು ವರ್ಷದ ಮಗಳು ನಾನು ತೋರಿಸಿದ ‘ರ’ವನ್ನು ಆಚೆ ತಳ್ಳಿಬಿಟ್ಟಳು. ಮೂಡುಬಿದಿರೆಯ ಮನೆಯಲ್ಲಿ ಹಲಸಿನ ಹಪ್ಪಳಕ್ಕೆ ಕುಟ್ಟಿದ ಹಿಟ್ಟಿನಿಂದ ಅಕ್ಕ ಅಕ್ಷರಗಳನ್ನು ಹೊಸೆದು ಮಣೆಯ ಮೇಲಿಟ್ಟಿದ್ದಳು. ಯಾವುದಾದರೂ ಒಂದನ್ನು ಸರಿಯಾಗಿ ಓದಿದರೆ ಅದನ್ನು ತಿನ್ನಬಹುದು.

“ಇವಳಿಗೆ ರ ಕೂಡ ಬರುವುದಿಲ್ಲ ಅಕ್ಕ. ಈ ವರ್ಷ ಶಾಲೆಗೆ ಸೇರಿಸಬೇಡ” ಎಂದೆ, ಆಗಷ್ಟೇ ಬಿ.ಎ. ಮುಗಿಸಿದ್ದ ನಾನು. ಅಕ್ಕನ ಮುಖ ಸಪ್ಪಗಾಯಿತು.

ಹುಡುಗಿ ‘ಋ’ವನ್ನು ಎತ್ತಿ, ಓದಿ, ಬಾಯಿಗೆ ಹಾಕಿಕೊಂಡಳು. “ರ ನನಗೆ ಗೊತ್ತುಂಟು ಮಾವ. ಅದರಲ್ಲಿ ಹಿಟ್ಟು ಎಷ್ಟುಂಟು, ನೀವೇ ನೋಡಿ!”

ಜೂನಿನಲ್ಲಿ ಅವಳು ಶಾಲೆಗೆ ಸೇರಿದಳು. ತಿಂದದ್ದು ‘ಋ’ವೋ ‘ಈ’ಯೋ ಎಂದು ಈಗ ನನಗೇ ಅನುಮಾನ, ಸಾಕ್ಷಿ ಅವಳ ಹೊಟ್ಟೆ ಸೇರಿತ್ತು. ಅವಳು ಬಿಟ್ಟ ‘ರ’ವನ್ನು ನಾನು ತಿಂದದ್ದು ಮಾತ್ರ ಖಚಿತ. ನಿಜಕ್ಕೂ ಬಾಯಿಗೆ ಸಾಲಲಿಲ್ಲ.